ಅನಸೂಯಾಳ ಮಾತಿನ ಕಾರ್ಡು

ಸೈಕಲ್ ಅಂಗಡಿಯ ಮೌಲಾಸಾಬರು ತೀರಿಕೊಂಡದ್ದು ಒಂದು ಸೋಮವಾರ, ಸಂತೆ ತುಂಬಿದ ಹೊತ್ತಿನಲ್ಲಿ. ಅವರ ಮನೆಯಿಂದ ಅಳು ಕೇಳಿಸುವ ಮೊದಲೇ ಸಂತೆಗೆ ಸುದ್ದಿ ಮುಟ್ಟಿತು. ನಿಂತ ಸೈಕಲ್ಲು, ಓಡುವ ಸೈಕಲ್ಲು, ಅವರ ಕೈಯಿಂದ ಪಂಕ್ಚರ್ ಹಾಕಿಸಿಕೊಂಡಿದ್ದ ಗಾಲಿಗಳೆಲ್ಲ ಒಟ್ಟಿಗೇ ಸುಯ್ಯೆಂದು ಉಸಿರು ಬಿಟ್ಟವು. ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಕೆಳಗಿಳಿದು, ತಲೆಯ ವಸ್ತ್ರ ತೆಗೆದು, "ಹೋದ್ರಪಾ ಸಾಹೇಬ್ರು, ಬಂಗಾರದಂಥಾ ಮನಿಷಾ" ಎಂದ. ಆಮೇಲೆ ಎಲ್ಲರೂ ಸೈಕಲ್ಲು ತಳ್ಳಿಕೊಂಡೇ ಮಣ್ಣಿಗೆ ಹೋದೆವು.

ನಮ್ಮ ಊರಿನಲ್ಲಿ ಹಾಗೆ. ರಿಪೇರಿ ಮಾಡಿದವರು ಕಣ್ಣುಮುಚ್ಚಿದ ಗಳಿಗೆಗೆ ಅವರು ಮಾಡಿದ ರಿಪೇರಿಯೂ ಕಣ್ಣುಮುಚ್ಚುತ್ತದೆ. ವಸ್ತು ಮೊದಲು ಹೇಗೆ ಕೆಟ್ಟಿತ್ತೋ ಹಾಗೆಯೇ ಮತ್ತೆ ಕೆಡುತ್ತದೆ. ಅದಕ್ಕೇ ಪಂಪು ಬಿಚ್ಚುವವನಿಗೆ ಜನ ಮೊದಲು ವಯಸ್ಸು ಕೇಳುತ್ತಾರೆ, ಆಮೇಲೆ ಕೆಮ್ಮು ಇದೆಯೇ ಎಂದು, ಕೂಲಿಯ ಮಾತು ಕೊನೆಗೆ. ಅರವತ್ತು ದಾಟಿದ ಗಾರೆಯವನಿಗೆ ಹೊಸ ಗೋಡೆ ಕಟ್ಟುವ ಕೆಲಸ ಸಿಗುತ್ತದೆ, ಹಳೆಯ ಗೋಡೆಯ ಬಿರುಕು ಮುಚ್ಚುವ ಕೆಲಸ ಸಿಗುವುದಿಲ್ಲ. ಹೊರಗಿನ ಊರಿನವರಿಂದ ಮಾಡಿಸಿದರೂ ಬಿಡುಗಡೆಯಿಲ್ಲ. ಒಂದು ಬೆಳಗ್ಗೆ ಸುಮ್ಮನೆ ಗೋಡೆಯ ಗಡಿಯಾರ ನಿಂತರೆ, ಎಲ್ಲೋ ದೂರದಲ್ಲಿ ಮುಖ ಕಾಣದ ಒಬ್ಬ ಗಡಿಯಾರದವನು ಹೋದನೆಂದು ತಲೆಗೆ ನೀರು ಹಾಕಿಕೊಳ್ಳುವ ಮುದುಕಿಯರು ಈಗಲೂ ಇದ್ದಾರೆ. ರಿಪೇರಿಯವರು ಸತ್ತ ಮೂರನೆಯ ದಿನ ಅವರ ಮನೆಯವರು ಕೈಮುಗಿದುಕೊಂಡು ಬಾಗಿಲು ಬಾಗಿಲಿಗೆ ಹೋಗಬೇಕು. ಬಾಗಿಲಲ್ಲಿ ನಿಂತವರು "ಇದ್ದಷ್ಟು ದಿನ ನಡೀತು" ಎನ್ನಬೇಕು. ಅಷ್ಟಾದರೆ ಋಣ ಹರಿಯಿತು.

ನಾನು ನೀಲವ್ವ, ದರ್ಜಿ. ರವಿಕೆ, ಲಂಗ, ಕೂಸುಗಳ ಅಂಗಿ ಹೊಲಿಯುತ್ತೇನೆ. ಹರಿದದ್ದಕ್ಕೆ ತೇಪೆ ಹಾಕುವುದಿಲ್ಲ. ಹೊಸದು ಹೊಲಿದರೆ ಅದು ನನ್ನ ಹಿಂದೆಯೂ ಉಳಿಯುತ್ತದೆ, ತೇಪೆ ನನ್ನ ಜೊತೆಗೇ ಬಿಚ್ಚಿಕೊಳ್ಳುತ್ತದೆ. ಗಂಡ ಹೋದ ಮೇಲೆ ಅಣ್ಣ ದಾನಪ್ಪನ ಮನೆ ಸೇರಿದೆ. ಅವನು ಮದುವೆಯಾಗಿರಲಿಲ್ಲ. ಭೂಮಾಪನ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ರಿಪೇರಿ ಎಂದರೆ ಅವನಿಗೆ ಹೆದರಿಕೆ, ಅದು ನಮ್ಮಪ್ಪನಿಂದ ಬಂದದ್ದು. ಅಪ್ಪ ಬಡಿಗ. ನನಗೆ ಒಂಬತ್ತು, ಅಣ್ಣನಿಗೆ ಹದಿಮೂರು ಇದ್ದಾಗ ಅಪ್ಪ ಹೊಲದ ಬದುವಿನಲ್ಲಿ ಹಾವು ಕಚ್ಚಿ ಸತ್ತ. ಅದೇ ಮಧ್ಯಾಹ್ನ ಹಿಂದಿನ ಓಣಿಯ ಗಿರಿಜವ್ವನ ಮನೆಯಲ್ಲಿ ಅಪ್ಪ ಕೂಡಿಸಿದ್ದ ತೊಲೆ ಬಿತ್ತು. ಆಕೆ ಬದುಕಿದಳು, ಆಕೆಯ ಕಾಲು ಬದುಕಲಿಲ್ಲ. ಅವ್ವ ಕೈಮುಗಿದು ಹೋದಾಗ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ "ಇದ್ದಷ್ಟು ದಿನ ನಡೀತು" ಎಂದಳಂತೆ. ಆಮೇಲೆ ಇಪ್ಪತ್ತು ವರ್ಷ ಆಕೆ ಕೊಡ ಹೊತ್ತು ಕುಂಟುತ್ತ ನಮ್ಮ ಬಾಗಿಲ ಮುಂದೆ ಹಾದುಹೋದಳು, ಇಪ್ಪತ್ತು ವರ್ಷ ಅವ್ವ ಆ ಹೊತ್ತಿಗೆ ಒಳಗೆ ಹೋಗಿ ಕೂತಳು. ಅಣ್ಣ ಯಾರ ಮನೆಯ ಚಿಲಕಕ್ಕೂ ಒಂದು ಮೊಳೆ ಹೊಡೆಯಲಿಲ್ಲ.

ಆದರೆ ಅಪ್ಪನ ಕೈಯ ತುರಿಕೆ ಅವನ ಕೈಗೂ ಇತ್ತು. ಕಚೇರಿಯವರು ಆರು ಹಳೆಯ ಕಂಪ್ಯೂಟರುಗಳನ್ನು ಹಿತ್ತಲಿಗೆ ಎಸೆದ ವರ್ಷ ಆ ತುರಿಕೆಗೆ ದಾರಿ ಸಿಕ್ಕಿತು. ಹೊಗೆಸೊಪ್ಪು ತಿಂದವರ ಹಲ್ಲಿನ ಬಣ್ಣದ ಪೆಟ್ಟಿಗೆಗಳು, ಹಸಿರು ಅಕ್ಷರದ ಮಾನಿಟರುಗಳು, ಕೈಯಗಲದ ಫ್ಲಾಪಿಗಳು. ಯಾರಿಗೂ ಬೇಡವಾದವು. ಅದೇ ಅವನಿಗೆ ಬೇಕಾಗಿತ್ತು. ತಾನು ಸತ್ತಾಗ ಇವೂ ಸತ್ತರೆ ಯಾರ ಕಾಲೂ ಮುರಿಯುವುದಿಲ್ಲ, ಯಾರ ಮನೆಯೂ ಸೋರುವುದಿಲ್ಲ. ಊರಲ್ಲಿ ಯಾರಿಗೂ ಹೆದರದೆ ಮಾಡಬಹುದಾದ ರಿಪೇರಿ ಅದೊಂದೇ ಇತ್ತು, ಅದನ್ನು ಅವನು ಪ್ರೀತಿಯಿಂದ ಮಾಡಿದ. ಒಳಗಿನ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದ ಬೋರ್ಡುಗಳನ್ನು ಲಿಂಬೆರಸ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಿದ್ದ. ಹೊಟ್ಟೆ ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆಯುತ್ತಿದ್ದ. ಕಿತ್ತದ್ದನ್ನು ಎಸೆಯುತ್ತಿರಲಿಲ್ಲ, ಯಂತ್ರಕ್ಕೊಂದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಹೆಸರು ಬರೆದಿಡುತ್ತಿದ್ದ. ಸರಿಯಾದ ಮೇಲೆ ಸುಮ್ಮನಿರುತ್ತಿರಲಿಲ್ಲ. ಒಂದಕ್ಕೆ ಹಾರ್ಡ್ ಡಿಸ್ಕ್ ಸೇರಿಸುವುದು, ಒಂದರ ಮೆಮೊರಿ ಚಿಪ್ಪುಗಳನ್ನು ದುಪ್ಪಟ್ಟು ಮಾಡುವುದು. ಯಂತ್ರ ಶುರುವಾಗುವಾಗ ತನ್ನ ಮೆಮೊರಿಯನ್ನು ತಾನೇ ಎಣಿಸಿಕೊಳ್ಳುತ್ತದೆ. ಹಳೆಯ ಅಂಕಿ ದಾಟಿ ಮುಂದೆ ಹೋದ ದಿನ ನನ್ನನ್ನು ಒಲೆಯ ಮುಂದಿನಿಂದ ಕರೆಯುತ್ತಿದ್ದ. "ನೀಲಾ, ಬಾ ಬಾ, ಎಣಸಾಕತ್ತೇತಿ ನೋಡು, ನಿಂದರವಲ್ದು!" ಹಿಟ್ಟಿನ ಕೈಯಲ್ಲೇ ಹೋಗಿ ನೋಡುತ್ತಿದ್ದೆ. ಅಷ್ಟು ಹೊಸ ಜಾಗದಲ್ಲಿ ಏನು ಇಡುತ್ತೀ ಎಂದು ಕೇಳಿದರೆ ನಗುತ್ತಿದ್ದ. ಇಡುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಹೀಗೆ ಹದಿನೈದು ವರ್ಷ ಹೋಯಿತು. ಅಣ್ಣ ನಿವೃತ್ತನಾಗುವ ವರ್ಷ ತುಂಗವ್ವ ನಮ್ಮ ಮನೆಗೆ ಬಂದಳು.

ತುಂಗವ್ವನ ಮಗಳು ಅನಸೂಯಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಮೂವತ್ತೊಂದರ ವಯಸ್ಸಿನಲ್ಲಿ ಪಾಠ ಮಾಡುತ್ತಿದ್ದಾಗಲೇ ಹಲಗೆಯ ಮುಂದೆ ಕುಸಿದಳು. ಎಚ್ಚರವಾದ ಮೇಲೆ ಉಳಿದದ್ದು ಕಣ್ಣು, ಬಲಗೈಯ ತೋರುಬೆರಳು ಮತ್ತು ಎಂದಿನ ಬುದ್ಧಿ. ಮಂಚದ ಹಲಗೆಯನ್ನು ಒಮ್ಮೆ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಅಲ್ಲ. ಅಕ್ಷರದ ಪಟ್ಟಿ ಹಿಡಿದು ಒಂದೊಂದೇ ತೋರಿಸಬಹುದಿತ್ತು, ಆದರೆ ತುಂಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಯಾವುದೋ ಧರ್ಮಸಂಸ್ಥೆಯವರು ಅವಳಿಗೊಂದು ಹಳೆಯ ಕಂಪ್ಯೂಟರು ಕೊಟ್ಟರು. ಅದರೊಳಗೆ ಮಾತಾಡುವ ಒಂದು ಕಾರ್ಡು ಇತ್ತು. ಪರದೆಯ ಮೇಲೆ ಪದಗಳ ಸಾಲು, ಸಾಲುಗಳ ಮೇಲೆ ಸರಿಯುವ ಒಂದು ಬೆಳಕಿನ ಪಟ್ಟಿ. ಬೇಕಾದ ಪದಕ್ಕೆ ಬಂದಾಗ ಬೆರಳಿನ ಕೆಳಗಿನ ಗುಂಡಿ ಒತ್ತಿದರೆ ಪೆಟ್ಟಿಗೆ ಅದನ್ನು ಹೇಳುತ್ತಿತ್ತು. ಆರು ತಿಂಗಳು ಹೇಳಿ ನಿಂತುಹೋಯಿತು. ಕೊಟ್ಟವರು ಎಲ್ಲಿದ್ದಾರೋ ತಿಳಿಯದು. ಪಟ್ಟಣಕ್ಕೆ ಒಯ್ದರೆ ಅಂಗಡಿಯವರು ನಕ್ಕರಂತೆ. ಹೊಸ ಯಂತ್ರಗಳಲ್ಲಿ ಆ ಕಾರ್ಡು ಕೂರುವ ಜಾಗವೇ ಇಲ್ಲವೆಂದರಂತೆ.

"ನಾ ಯಾರ ಮನೀದೂ ರಿಪೇರಿ ಮಾಡೂದಿಲ್ಲ ತುಂಗವ್ವಾ" ಎಂದ ಅಣ್ಣ.

"ಗೊತ್ತೈತೆಪಾ. ಒಮ್ಮೆ ನೋಡಿ ಹೇಳು. ಸತ್ತೈತಿ ಅಂತ ನೀ ಹೇಳಿದ್ರ ಆಕಿನೂ ಆಸೆ ಬಿಡ್ತಾಳ."

ನೋಡಲು ಹೋದ. ಬ್ಯಾಟರಿ ಸೋರಿ ಅದರ ರಸ ಕೆಳಗಿನ ಕಾರ್ಡಿನ ಮೇಲೆ ಇಳಿದಿತ್ತು. ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಬೆರಳಿನ ಗುಂಡಿಯ ತಂತಿಯೂ ಆ ಕಾರ್ಡಿಗೇ ಕೂರುತ್ತಿದ್ದರಿಂದ ಅದಿಲ್ಲದೆ ಪರದೆಯ ಪದಗಳೂ ಏಳುತ್ತಿರಲಿಲ್ಲ. ಅಣ್ಣ ಮನೆಗೆ ಬಂದು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಕಾರ್ಡನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ತಂದ. ಹತ್ತೊಂಬತ್ತು ಕಡೆ ತಿಂದುಹೋಗಿದ್ದ ಗೆರೆಗಳಿಗೆ ಹತ್ತೊಂಬತ್ತು ತಂತಿಯ ಸೇತುವೆ ಕಟ್ಟಿದ, ಉಬ್ಬಿದ್ದ ಕೆಪಾಸಿಟರುಗಳನ್ನು ಬದಲಿಸಿ ಹಳೆಯವನ್ನು ಬೆಂಕಿಪೆಟ್ಟಿಗೆಗೆ ಹಾಕಿದ. ಕನ್ನಡಕದ ಮೇಲೊಂದು ಭೂತಗನ್ನಡಿ ಕಟ್ಟಿಕೊಂಡು, ಉಸಿರು ಹಿಡಿದು, ಬೆಳಗ್ಗೆಯ ಬಿಸಿಲು ಕಿಟಕಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ಹನ್ನೆರಡು ದಿನ ಹಿಡಿಯಿತು.

ಪೆಟ್ಟಿಗೆ ಮಾತಾಡಿದ ದಿನ ನಾನೂ ಅಲ್ಲಿದ್ದೆ. ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿನ ದನಿ, ಗಂಡೂ ಅಲ್ಲ ಹೆಣ್ಣೂ ಅಲ್ಲ. ಅದರಲ್ಲಿ ಇದ್ದದ್ದು ಇನ್ನೂರು ಪದ. ನೀರು, ನೋವು, ಊಟ, ಮೈ ತೊಳಿ, ಧನ್ಯವಾದ. ಅನಸೂಯಾ ಬೆಳಕು ಸರಿಯುವುದನ್ನೇ ನೋಡುತ್ತ ಬಹಳ ಹೊತ್ತು ಕಾದು, ಪದಗಳನ್ನು ಬಿಟ್ಟು ಅಕ್ಷರಗಳ ಸಾಲಿಗೆ ಹೋಗಿ, ಒಂದೊಂದೇ ಅಕ್ಷರ ಒತ್ತಿ ಹೇಳಿದ ಮೊದಲ ಮಾತು, "ಧನ್ಯವಾದ ತೆಗಿ. ತಡಿ ಹಾಕು."

ಅಣ್ಣನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿದು, ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅನ್ನದ ತುತ್ತು ಬಾಯಿಗೆ ಬರುವಾಗ, ಹೊರಳಿಸಿ ಮಲಗಿಸುವಾಗ ಅವಳಿಗೆ ಬೇಕಾದ ಪದ 'ತಡಿ'. ಧನ್ಯವಾದ ಬೇಕಾಗಿದ್ದುದು ಕೊಟ್ಟವರಿಗೆ.

ಅಲ್ಲಿಂದ ಶುರುವಾಯಿತು. ಪದ ಸೇರಿಸಬೇಕೆಂದರೆ ಮೆಮೊರಿ ಸಾಲದು. ಅಣ್ಣ ತನ್ನ ಆರು ಯಂತ್ರಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದುದನ್ನು ಬಿಚ್ಚಿ ಅದರ ಚಿಪ್ಪುಗಳನ್ನು ಅವಳದಕ್ಕೆ ಹಾಕಿದ. ವಾರಕ್ಕೆ ಮೂರು ದಿನ ಹೋಗಿ ಅವಳು ಕೇಳಿದ ಪದಗಳನ್ನು ಕೂಡಿಸುತ್ತಿದ್ದ. ಥೂ, ಉಪ್ಪಿಲ್ಲ, ಸುಳ್ಳು ಹೇಳಬ್ಯಾಡ, ಹೆಂಗ, ಯಾಕ, ಇನ್ನೊಮ್ಮೆ. ಎರಡು ವರ್ಷದಲ್ಲಿ ನಾಲ್ಕು ಸಾವಿರ ಪದಗಳಾದವು. ಅವಳು ಜಗಳಾಡತೊಡಗಿದಳು. ತುಂಗವ್ವ ಖುಷಿಯಿಂದ ಓಣಿಗೆಲ್ಲ ಹೇಳಿಕೊಂಡು ಬಂದಳು, "ನನ್ನ ಮಗಳು ನಂಗ ಬೈದಳು!" ಶಾಲೆಯ ಮಕ್ಕಳು ಮತ್ತೆ ಗಣಿತಕ್ಕೆ ಬಂದು ಮಂಚದ ಸುತ್ತ ಕೂರುತ್ತಿದ್ದರು, ಡಬ್ಬಿಯ ದನಿ "ತಪ್ಪು. ಮತ್ತ ಮಾಡು" ಎನ್ನುವುದು ಬೀದಿಯವರೆಗೆ ಕೇಳುತ್ತಿತ್ತು. ಅಣ್ಣನ ಜೊತೆ ಅವಳು ಬೇರೆಯೇ ಮಾತಾಡುತ್ತಿದ್ದಳು. ಒಮ್ಮೆ ನಾನು ರವಿಕೆಯ ಅಳತೆಗೆ ಹೋದಾಗ ಕೇಳಿದೆ: "ದಾನಪ್ಪ. ನೀ ಬರೂ ದಿನ ಬೆಳಕು ಲಗೂ ಓಡತದ." ಅಣ್ಣ ಪೆಟ್ಟಿಗೆಯ ಹಿಂದೆ ತಲೆ ಹಾಕಿ ಏನೋ ತಂತಿ ಹುಡುಕುತ್ತಿರುವಂತೆ ಮಾಡಿದ. ಕಿವಿಯವರೆಗೆ ಕೆಂಪಾಗಿದ್ದ.

ಕೆಮ್ಮು ಬಂದದ್ದು ಮರುವರ್ಷದ ಶ್ರಾವಣದಲ್ಲಿ. ಪುಪ್ಪುಸದಲ್ಲಿ ಗಂಟು. ಡಾಕ್ಟರು ನನ್ನನ್ನು ಹೊರಗೆ ಕರೆದು, "ದೀಪಾವಳಿ ನೋಡ್ತಾರ, ಸಂಕ್ರಾಂತಿ ಹೇಳಾಕಾಗೂದಿಲ್ಲ" ಎಂದರು. ರಿಪೇರಿಯವರ ಕಾಯಿಲೆ ನಮ್ಮಲ್ಲಿ ಊರ ಕಾಯಿಲೆ. ಪಂಪಿನವನಿಗೆ ಜ್ವರ ಬಂದರೆ ಇಡೀ ಓಣಿ ಕೊಡ ತುಂಬಿಟ್ಟುಕೊಳ್ಳುತ್ತದೆ. ಅಣ್ಣನ ವಿಷಯಕ್ಕೆ ಯಾರೂ ಕೊಡ ತುಂಬಲಿಲ್ಲ. ಅವನದು ಬರೀ ಆಟದ ಸಾಮಾನು ಎಂದುಕೊಂಡಿದ್ದರು. ಒಂದು ಮನೆ ಬಿಟ್ಟು.

ಆ ವಾರವೆಲ್ಲ ಅಣ್ಣ ಬೆಂಕಿಪೆಟ್ಟಿಗೆಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಕೊಂಡು ಕೂತಿದ್ದ. ಒಂದು ಮಧ್ಯಾಹ್ನ ನನ್ನನ್ನು ಕರೆದ.

"ನೀಲಾ, ನಿನ್ನ ಕೈ ಸೂಜಿ ಹಿಡಿದ ಕೈ. ಬೆಸಗಿ ಹಾಕೂದು ಕಲಿ."

"ನಾನಾ? ಐವತ್ತಾರು ನಂಗ."

"ನಂಗಿಂತ ಹೆಚ್ಚಿನ ದಿನ ಇರ್ತೀ. ಅಷ್ಟ ಸಾಕು."

ಅವನ ಲೆಕ್ಕ ಹೀಗಿತ್ತು. ಚೆನ್ನಾಗಿ ನಡೆಯುವ ವಸ್ತುವನ್ನು ಇನ್ನೊಬ್ಬರು ರಿಪೇರಿ ಮಾಡಲಾಗದು. ಅವನು ಸತ್ತ ಮೇಲೆ ಕಾರ್ಡು ಕೆಡುತ್ತದೆ, ಆಗ ಹೇಳಿಕೊಡಲು ಅವನಿರುವುದಿಲ್ಲ. ಅವನು ಇರುವಾಗಲೇ ತನ್ನ ರಿಪೇರಿಯನ್ನು ತಾನೇ ಬಿಚ್ಚಿ, ಹಾಳಾದ ಕೆಪಾಸಿಟರುಗಳನ್ನು ಬೆಂಕಿಪೆಟ್ಟಿಗೆಯಿಂದ ತೆಗೆದು ಮತ್ತೆ ಕೂಡಿಸಿ, ಮೊದಲಿನ ಹಾಗೆ ಕೆಟ್ಟದ್ದನ್ನಾಗಿ ಮಾಡಿದರೆ, ನಾನು ಅವನ ಕಣ್ಣೆದುರಿಗೆ ಸರಿಮಾಡಬಹುದು. ಬಾಯಿಯಿಂದ ಹೇಳಿಕೊಟ್ಟರೆ ತೊಂದರೆಯಿಲ್ಲ. ಕೈ ಯಾರದೋ ರಿಪೇರಿ ಅವರದು.

ಕಲಿಯಲು ಕೂತೆ. ಅವನ ಆಟದ ಯಂತ್ರಗಳಲ್ಲೊಂದನ್ನು ಅವನೇ ಕೆಡಿಸಿಕೊಟ್ಟ. ಕಬ್ಬಿಣದ ಮೊನೆ ಕಾಯಿಸುವುದು, ಸೀಸ ಕರಗಿ ಬೆಳ್ಳಗೆ ಹೊಳೆಯುವ ಗಳಿಗೆ ನೋಡಿ ಮೊನೆ ಎತ್ತುವುದು. ಬೆರಳುಗಳ ತುಂಬ ಬೊಬ್ಬೆ. ಒಂದೂವರೆ ತಿಂಗಳಿಗೆ ಆ ಯಂತ್ರ ನನ್ನ ಕೈಯಲ್ಲಿ ಎದ್ದಿತು, ಹಸಿರು ಗೆರೆ ಮಿಣಕ್ ಮಿಣಕ್ ಎಂದಿತು. ನಾನು ಹುಟ್ಟಿದಾಗಿನಿಂದ ಮಾಡಿದ ಮೊದಲ ರಿಪೇರಿ. ಅಣ್ಣ ಕೆಮ್ಮುತ್ತಲೇ ನನ್ನ ಬೆನ್ನು ತಟ್ಟಿದ.

ಆಮೇಲೆ ಅನಸೂಯಾಳಿಗೆ ಹೇಳಲು ಹೋದೆವು. ಅಣ್ಣ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. ಅವಳು ಅವನ ಮುಖ ನೋಡಿದಳು, ಆಮೇಲೆ ಪರದೆ ನೋಡಿದಳು.

"ಎಷ್ಟು ದಿನ," ಎಂದಿತು ಪೆಟ್ಟಿಗೆ.

"ಎರಡು ತಿಂಗಳು ಅನ್ನು. ಹೆಚ್ಚಂದ್ರ ಮೂರು."

"ನೀಲವ್ವಗ ಬರತದ ಏನು."

"ಕಲತಾಳ. ಒಂದು ಯಂತ್ರ ಎಬ್ಬಿಸ್ಯಾಳ. ಆಕಿ ಸರಿ ಮಾಡಿದ್ರ ಇನ್ನೂ ಇಪ್ಪತ್ತು ವರ್ಷ ನೀ ಮಾತಾಡಬಹುದು."

"ಮಾಡದಿದ್ರ."

ಬೆಳಕು ಪದಗಳ ಮೇಲೆ ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ ಸರಿಯಿತು. ಅವಳು ಎಂಟು ಹತ್ತು ಸುತ್ತು ಸುಮ್ಮನೆ ಬಿಟ್ಟಳು.

"ನೀ ಇರೂತನಕ ಮಾತಾಡ್ತೀನಿ. ಆಮ್ಯಾಲೆ ಯಾರ ಜೋಡಿ ಮಾತಾಡ್ಲಿ. ಮುಟ್ಟಬ್ಯಾಡ."

"ಅನಸೂಯಾ—"

"ಮುಟ್ಟಬ್ಯಾಡ. ಮುಟ್ಟಬ್ಯಾಡ."

ಇಲ್ಲಿಗೆ ಬಿಟ್ಟಿದ್ದರೆ ಈ ಕಥೆ ನಾನು ಹೇಳಬೇಕಾಗಿರಲಿಲ್ಲ. ಅಣ್ಣ ಬಿಟ್ಟೇಬಿಟ್ಟಿದ್ದ. ದಾರಿಯಲ್ಲಿ "ಆಕಿ ಮಾತು ಆಕೀದು" ಎಂದ. ಬಿಡದೆ ಹಿಡಿದವಳು ನಾನು. ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ ಅಲ್ಲವೇ? ಮೂರನೆಯ ದಿನ ಕೈಮುಗಿದು ಆ ಬಾಗಿಲಿಗೆ ಹೋಗಬೇಕಾದವಳು ನಾನು. ಮೂಕಳಾದವಳ ಮುಂದೆ ನಿಂತು ಅವಳ ಕಣ್ಣು ನೋಡಬೇಕಾದವಳು ನಾನು. ಅವಳ ಒಳ್ಳೆಯದಕ್ಕೆ ಎಂದು ಬಾಯಿಯಿಂದ ಹೇಳಿದೆ, ಒಳಗೆ ಇದ್ದದ್ದು ಆ ಬಾಗಿಲಿನ ಭಯ. ತುಂಗವ್ವನನ್ನೂ ಕೂಡಿಸಿಕೊಂಡೆ. ಆಕೆಗೆ ಎಪ್ಪತ್ತು ದಾಟಿತ್ತು. "ನಾ ಹೋದ ಮ್ಯಾಲೆ ನೀರು ಬೇಕಂತ ನನ್ನ ಮಗಳು ಯಾರಿಗೆ ಹೆಂಗ ಹೇಳ್ಬೇಕು ದಾನಪ್ಪಾ? ಆಕಿ ಈಗಿಂದು ಹೇಳ್ತಾಳ, ನಾ ಮುಂದಿಂದು ಹೇಳಾಕತ್ತೀನಿ" ಎಂದು ಅಣ್ಣನ ಮುಂದೆ ಅತ್ತಳು. ಆಕೆಯ ಅಳು ನಿಜವಾದದ್ದು. ಅಣ್ಣ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದು ಮೂರನೆಯ ದಿನ ಎದ್ದ.

ಊಟವಾಗಿ ಅನಸೂಯಾ ಮಲಗುವ ಹೊತ್ತಿಗೆ ಹೋದೆವು. ತುಂಗವ್ವ ಬಾಗಿಲು ತೆರೆದುಕೊಟ್ಟಳು. ಅಣ್ಣ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಕಾರ್ಡು ತೆಗೆದು, ನಾಲ್ಕು ಮಡಿಕೆಯ ವಸ್ತ್ರದಲ್ಲಿಟ್ಟುಕೊಂಡ. ಅವಳು ನಿದ್ದೆಯಲ್ಲಿದ್ದಳು. ಬೆರಳು ಗುಂಡಿಯ ಮೇಲೇ ಇತ್ತು.

ಮನೆಗೆ ಬಂದು ಅಣ್ಣ ಹತ್ತೊಂಬತ್ತು ತಂತಿಗಳನ್ನು ಒಂದೊಂದಾಗಿ ಬಿಡಿಸಿದ. ಕೆಪಾಸಿಟರುಗಳನ್ನು ತೆಗೆದು ಉಬ್ಬಿದವನ್ನು ಕೂಡಿಸಿದ. ಕಟ್ಟುವುದಕ್ಕೆ ಹನ್ನೆರಡು ದಿನ ಹಿಡಿದಿತ್ತು, ಬಿಚ್ಚುವುದಕ್ಕೆ ಒಂದು ಗಂಟೆ ಸಾಕಾಯಿತು. ಆಮೇಲೆ ಸ್ಟೂಲನ್ನು ಹಿಂದಕ್ಕೆ ಸರಿಸಿ, ಮರೆತು ಕೈ ಹಾಕಬಾರದೆಂದು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ನಾನು ಮೊನೆ ಕಾಯಿಸಿದೆ.

ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಏಳು ಸೇತುವೆ ಕೂತವು. ಐದನೆಯ ದಿನ ಎಂಟನೆಯದಕ್ಕೆ ಮೊನೆ ಇಟ್ಟಾಗ ಸೀಸ ಕರಗಲಿಲ್ಲ, ನಾನು ಒತ್ತಿದೆ. "ಸಾಕು," ಎಂದ ಅಣ್ಣ. ಇನ್ನೂ ಹೊಳೆದಿಲ್ಲವಲ್ಲ ಎಂದು ನಾನು ಇನ್ನಷ್ಟು ಒತ್ತಿದೆ. "ಸಾಕು ನೀಲಾ, ಬಿಸಿ ಸಾಕು, ಎತ್ತು, ಎತ್ತು!" ಎತ್ತಿದೆ. ಮೊನೆಯ ಜೊತೆಗೆ ತಾಮ್ರದ ಗೆರೆಯೂ ಎದ್ದು ಬಂತು, ಸುಟ್ಟ ಗಾಯದ ಚರ್ಮ ಎದ್ದು ಬಂದ ಹಾಗೆ. ಕಾರ್ಡಿನ ಒಳಪದರಕ್ಕೆ ಹೋಗುವ ಗೆರೆ ಅದು. ಅದರ ಕೆಳಗೆ ಕಟ್ಟಲು ಏನೂ ಉಳಿದಿರಲಿಲ್ಲ.

ಅಣ್ಣ ಕಂಕುಳಿನಿಂದ ಕೈ ತೆಗೆದು ಭೂತಗನ್ನಡಿ ಕಟ್ಟಿಕೊಂಡ. "ಹೋಗ್ಲಿ. ಉಳಿದಷ್ಟು ದಿನಕ್ಕಾದ್ರೂ ನಾನ ಮಾಡಿ ಕೊಡ್ತೀನಿ. ಆಕಿ ಕೇಳಿದ್ದು ಅಷ್ಟ" ಎಂದ. ಮೂರು ದಿನ ಪ್ರಯತ್ನಪಟ್ಟ. ಆದರೆ ಅಷ್ಟರಲ್ಲಿ ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಕೆಮ್ಮು ಬಂದಾಗ ಮೊನೆ ಎಲ್ಲೆಲ್ಲಿಗೋ ಹಾರುತ್ತಿತ್ತು. ಮೂರನೆಯ ದಿನ ನನ್ನ ಏಳು ಸೇತುವೆಗಳಲ್ಲಿ ಎರಡನ್ನು ತಾನೇ ಸುಟ್ಟ. ಮೊನೆಯನ್ನು ಅದರ ಗೂಟಕ್ಕೆ ಸಿಕ್ಕಿಸಿ, ತಂತಿ ಕಿತ್ತು, ಅದು ತಣ್ಣಗಾಗುವವರೆಗೆ ನೋಡುತ್ತ ಕೂತ.

ಅನಸೂಯಾಳಿಗೆ ಅಲ್ಲಿಯವರೆಗೆ ಧೂಳು ಒರೆಸಲು ಒಯ್ದಿದ್ದೇವೆಂದು ಹೇಳಿದ್ದೆವು. ಗಣಿತದವಳು, ಎಷ್ಟು ದಿನದ ಧೂಳು ಎಂದು ಅವಳಿಗೆ ತಿಳಿಯದೇ? ಅಣ್ಣ ನಿಜ ಹೇಳಲು ಹೋದ. ನಾನು ಅವನ ತೋಳು ಹಿಡಿದುಕೊಂಡಿದ್ದೆ, ನಡೆಯಲು ಆಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು, "ನಿನ್ನ ಮಾತು ಮೀರಿ ಮುಟ್ಟಿದೆ. ಹಾಳಾತು" ಎಂದ. ಅವಳ ಬೆರಳು ಹಲಗೆಯನ್ನು ಎರಡು ಸಲ ಕುಟ್ಟಿತು. ತಡೆದು, ಮತ್ತೆ ಎರಡು. ಮತ್ತೆ ಎರಡು. ಅಲ್ಲ, ಅಲ್ಲ, ಅಲ್ಲ. ಅಣ್ಣ ಆ ಬೆರಳಿನ ಮೇಲೆ ತನ್ನ ಕೈ ಇಡಲು ಹೋದಾಗ ಅವಳು ಕಣ್ಣು ಮುಚ್ಚಿದಳು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಡಾಕ್ಟರು ಹೇಳಿದ ಲೆಕ್ಕ ತಪ್ಪಲಿಲ್ಲ. ದೀಪಾವಳಿಯ ಹಣತೆಗಳನ್ನು ಮಲಗಿದ್ದಲ್ಲಿಂದಲೇ ನೋಡಿದ. ಅದಾಗಿ ಐದು ವಾರಕ್ಕೆ, ಒಂದು ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾನು ಗಂಜಿ ಕುದಿಸುತ್ತಿದ್ದೆ. ಅವನ ಕೋಣೆಯಲ್ಲಿ ಯಂತ್ರಗಳ ಫ್ಯಾನುಗಳು ಗುಯ್‌ಗುಡುತ್ತಿದ್ದವು; ಕೊನೆಯ ದಿನಗಳಲ್ಲಿ ಎಲ್ಲವನ್ನೂ ಹಚ್ಚಿಡು ಎನ್ನುತ್ತಿದ್ದ. ಆ ಸದ್ದು ಒಮ್ಮೆಲೇ ಕುಗ್ಗಿತು. ಸೌಟು ಕೈಯಲ್ಲೇ ಇತ್ತು, ಒಳಗೆ ಹೋಗಿ ನೋಡುವ ಅಗತ್ಯ ಇರಲಿಲ್ಲ. ಹೋದೆ. ಒಂದು ಮಾತ್ರ ನಡೆಯುತ್ತಿತ್ತು, ನಾನು ಸರಿಮಾಡಿದ್ದು. ಅದರ ಹಸಿರು ಬೆಳಕು ಅವನ ಗಲ್ಲದ ಮೇಲೆ ಬಿದ್ದಿತ್ತು. ಅದನ್ನು ಮೊದಲು ಆರಿಸಿ, ಆಮೇಲೆ ಅವನ ಕಣ್ಣು ಮುಚ್ಚಿಸಿದೆ.

ಮೂರನೆಯ ದಿನ ಕೈಮುಗಿದುಕೊಂಡು ಹೊರಟೆ. ಹೋಗಬೇಕಾದ ಬಾಗಿಲು ಒಂದೇ. ತುಂಗವ್ವ ಹೊಸ್ತಿಲ ಒಳಗೆ ನಿಂತಿದ್ದಳು. ಆ ಮಾತು ಹೇಳಲು ಬಾಯಿ ತೆರೆದಳು. "ಇದ್ದಷ್ಟು ದಿನ..." ಎಂದು ಅ‌ಲ್ಲೇ ನಿಂತಳು. ಇದ್ದಷ್ಟು ದಿನ ನಡೆದಿರಲಿಲ್ಲವಲ್ಲ. ಅವನು ಇನ್ನೂ ಇದ್ದಾಗಲೇ ನಾವು ನಿಲ್ಲಿಸಿದ್ದೆವು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ನಾನು ಬಹಳ ಹೊತ್ತು ನಿಂತಿದ್ದು, ಕೈ ಬಿಟ್ಟು, ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ.

ಅಲ್ಲಿಂದ ದಿನಾ ಹೋಗುತ್ತೇನೆ. ಮಧ್ಯಾಹ್ನ ಹೊಲಿಗೆ ಬಿಟ್ಟು ಹೋಗಿ ಅವಳನ್ನು ಹೊರಳಿಸುತ್ತೇನೆ, ತಲೆ ಬಾಚುತ್ತೇನೆ. ನನಗೆ ಅಕ್ಷರ ಬರುತ್ತದೆಯೆಂದು ದೊಡ್ಡ ರಟ್ಟಿನ ಮೇಲೆ ಅಕ್ಷರದ ಪಟ್ಟಿ ಬರೆದು ಒಯ್ದೆ. ಪಟ್ಟಿ ಎತ್ತಿದರೆ ಕಣ್ಣು ಮುಚ್ಚುತ್ತಾಳೆ, ಕೆಳಗಿಟ್ಟರೆ ತೆರೆಯುತ್ತಾಳೆ. ಮಕ್ಕಳು ಕೆಲವು ದಿನ ಬಂದರು. ತಪ್ಪೋ ಸರಿಯೋ ಹಲಗೆ ಕುಟ್ಟಿ ಹೇಳಲಿ ಎಂದು ಪಾಟಿ ಹಿಡಿದು ನಿಂತರು. ಬೆರಳು ಏಳಲಿಲ್ಲ, ಅವರೂ ಬರುವುದು ಬಿಟ್ಟರು. ಪೆಟ್ಟಿಗೆ ಅಲ್ಲೇ ಇದೆ. ಅಣ್ಣ ಹಾಕಿದ ಚಿಪ್ಪುಗಳು ಸತ್ತಿಲ್ಲ, ಹೊಸದಾಗಿ ಸೇರಿಸಿದ್ದನ್ನು ನಮ್ಮಲ್ಲಿ ರಿಪೇರಿ ಎನ್ನುವುದಿಲ್ಲ. ಸ್ವಿಚ್ಚು ಹಾಕಿದರೆ ಪರದೆ ಎದ್ದು ಮೆಮೊರಿಯನ್ನು ಕೊನೆಯವರೆಗೂ ಎಣಿಸುತ್ತದೆ, ನಾಲ್ಕು ಸಾವಿರ ಪದ ಹಿಡಿಸುವಷ್ಟು. ಆಮೇಲೆ ಕಾರ್ಡು ಕಾಣಲಿಲ್ಲವೆಂದು ನಿಂತುಬಿಡುತ್ತದೆ.

ಒಂಬತ್ತು ತಿಂಗಳು ನಾನೂ ಬಿಡಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಆ ಕಾರ್ಡನ್ನು ಇಟ್ಟುಕೊಂಡು, ಎದ್ದುಹೋದ ಗೆರೆಯ ಬುಡವನ್ನು ಸೂಜಿಯಿಂದ ಕೆರೆದು ಕೆರೆದು, ಒಳಪದರದ ತಾಮ್ರ ಸಿಕ್ಕೀತೇ ಎಂದು ಹುಡುಕಿದೆ. ಹುಡುಕಿದಷ್ಟೂ ತೂತು ದೊಡ್ಡದಾಯಿತು. ಕೊನೆಗೆ ಕಾರ್ಡಿನ ಆಚೆ ಬದಿ ಕಾಣಿಸಿತು. ಆ ದಿನ ಅದನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಅನಸೂಯಾಳ ಕಣ್ಣ ಮುಂದೆ ಹಿಡಿದೆ. ತೂತಿನ ಮೂಲಕ ಕಿಟಕಿಯ ಬೆಳಕು ಬರುತ್ತಿತ್ತು. ಅವಳು ನೋಡಿದಳು.

"ಇಷ್ಟ ಆತು ನನ್ನ ಕೈಲಿ" ಎಂದೆ. "ಇದಕ್ಕ ಹಟ ಹಿಡಿದಾಕಿ ನಾನು. ಅಣ್ಣ ಬ್ಯಾಡ ಅಂದಿದ್ದ. ನಿನ್ನ ಬಾಗಿಲಿಗೆ ಬರಾಕ ಅಂಜಿ ಮಾಡಿಸಿದೆ." ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ತುಂಗವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಇನ್ನ ಬಿಡಲೇನು?"

ಬೆರಳು ಎದ್ದು ಒಮ್ಮೆ ಕುಟ್ಟಿತು.

ಒಂಬತ್ತು ತಿಂಗಳಲ್ಲಿ ಅವಳು ನನಗೆ ಕೊಟ್ಟ ಮೊದಲ ಉತ್ತರ. ನಾನು ಕಾರ್ಡನ್ನು ವಸ್ತ್ರದಲ್ಲಿ ಸುತ್ತತೊಡಗಿದೆ. ಆಗ ಬೆರಳು ಮತ್ತೆ ಕುಟ್ಟಿತು. ಎರಡು. ಮೂರು. ನಾನು ತಲೆ ಎತ್ತಿದೆ. ನಾಲ್ಕು, ಐದು, ಆರು. ಹೌದು ಅಲ್ಲ, ಅಲ್ಲ ಎಂಬುದೂ ಅಲ್ಲ. ತುಂಗವ್ವ ಓಡಿ ಬಂದು ಮಂಚದ ಕಾಲು ಹಿಡಿದು ಕೂತಳು. "ಏನಂತಾಳ ನೀಲವ್ವಾ? ಏನೋ ಹೇಳಾಕತ್ತಾಳ ನೋಡು!" ಇದು ಅಕ್ಷರದ ಎಣಿಕೆಯಿರಬಹುದೆಂದು ನಾನು ಗಡಬಡಿಸಿ ಪಟ್ಟಿ ತಂದು ಎತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿದಳು. ಬೆರಳು ಮಾತ್ರ ನಿಲ್ಲಲಿಲ್ಲ. ಹದಿಮೂರು, ಹದಿನಾಲ್ಕು. ಎಲ್ಲಾದರೂ ತಡೆದರೆ ಅಲ್ಲಿಗೊಂದು ಅಕ್ಷರ ಎಂದುಕೊಳ್ಳೋಣವೆಂದು ಕಾದೆ. ತಡೆಯಲಿಲ್ಲ. ಒಂದೇ ಸಮ, ಅವಸರವಿಲ್ಲದೆ, ಯಂತ್ರ ಮೆಮೊರಿ ಎಣಿಸುವಂತೆ ತನ್ನೊಳಗಿನ ಪದಗಳನ್ನು ತಾನೇ ಎಣಿಸಿಕೊಳ್ಳುವವರ ಹಾಗೆ. ನಲವತ್ತು. ಎಪ್ಪತ್ತು. ತುಂಗವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ, ಬಾಯಿಯೊಳಗೇ ಎಣಿಸುತ್ತ ಕೂತೆವು. ಇನ್ನೂರು ದಾಟಿದ ಮೇಲೆ ನನಗೆ ತಪ್ಪಿತು. ಮುದುಕಿಗೆ ಎಲ್ಲಿ ತಪ್ಪಿತೋ. ನಾವು ಎಣಿಸುವುದನ್ನು ಬಿಟ್ಟೆವು. ಬೆರಳು ಬಿಡಲಿಲ್ಲ.